ಇವನು ಅವನೇ ಅಲ್ಲವೇ?

ರಾತ್ರಿ ಊಟವಾದ ಬಳಿಕ ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕುಳಿತು ಪತ್ತೇದಾರಿ ಕಥೆಯೊಂದನ್ನು ನೋಡುತ್ತಿರುವಾಗ, ಕಥೆ ಆರಂಭವಾಗಿ ಐದು ನಿಮಿಷ ಕಳೆಯುವುದರೊಳಗೆ ಯಾರಾದರೊಬ್ಬರ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: 'ಇಂವಾ ಅಂವನೇ ಅಲ್ಲೇನ?' ಹೋದ ವಾರ ವೈದ್ಯನಾಗಿ ಬಂದವನು ಈ ವಾರ ಜಮೀನುದಾರನಾಗಿ ಕುಳಿತಿರುತ್ತಾನೆ. ಒಂದು ಧಾರಾವಾಹಿಯಲ್ಲಿ ಕೊಲೆಗೀಡಾದವನು ಇನ್ನೊಂದರಲ್ಲಿ ಕೊಲೆಗಾರನಾಗಿ ಕೈಕೋಳ ತೊಡಿಸಿಕೊಳ್ಳುತ್ತಾನೆ. ಕಥೆಯ ರಹಸ್ಯ ಒಂದು ಕಡೆ ಉಳಿದು, ಈ ಮುಖವನ್ನು ಮೊದಲು ಎಲ್ಲಿ ಕಂಡೆವು ಎಂಬ ಎರಡನೆಯ ರಹಸ್ಯ ಮನೆಯವರನ್ನೆಲ್ಲ ಕಾಡತೊಡಗುತ್ತದೆ. ಅದು ಬಗೆಹರಿಯುವ ತನಕ ಅಜ್ಜಿಗೆ ನಿದ್ರೆ ಬಾರದು, ಮೊಮ್ಮಗನಿಗೆ ಸಮಾಧಾನವಾಗದು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳಲ್ಲಿ ಪ್ರವಚನದ ನಿಮಿತ್ತ ನಾವು ಸಂಚರಿಸುವಾಗ, ಈ ವಿಷಯವಾಗಿ ಸದ್ಭಕ್ತರು ಕೇಳಿದ ಪ್ರಶ್ನೆಗಳು ಒಂದೆರಡಲ್ಲ. 'ಮುದುಕರಾದ ಮೇಲೂ ಈ ಹುಚ್ಚು ಬೇಕೇ?' ಎಂದು ಕೇಳಿದವರುಂಟು. 'ಇದರಿಂದ ಮಕ್ಕಳ ಬುದ್ಧಿ ಕೆಡುವುದಿಲ್ಲವೇ?' ಎಂದು ಆತಂಕಪಟ್ಟ ತಾಯಂದಿರೂ ಉಂಟು. ಇದನ್ನು ಹುಚ್ಚೆಂದು ತಳ್ಳಿಹಾಕುವ ಮೊದಲು, ಇದರ ಹಿಂದೆ ಏನಿದೆ ಎಂಬುದನ್ನು ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಮೊದಲು ನಮ್ಮ ಜಿಲ್ಲೆಯ ಒಂದು ಹೆಗ್ಗಳಿಕೆಯನ್ನು ಇಂದಿನ ಮಕ್ಕಳಿಗೆ ಹೇಳಬೇಕು. ಟಿ.ವಿ. ಎಂಬುದು ಬೆಂಗಳೂರಿನಿಂದ ನಮ್ಮ ಕಡೆಗೆ ಬಂದ ವಸ್ತುವೆಂದು ಬಹುಮಂದಿ ಭಾವಿಸಿದ್ದಾರೆ. ಸಂಗತಿ ಹಾಗಿಲ್ಲ. 1975ನೆಯ ಇಸವಿ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷದ ಕಾಲ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ನಮ್ಮ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆ ಪ್ರಯೋಗಕ್ಕೆ ಆಯ್ಕೆಯಾದದ್ದು ಆಗಿನ ಗುಲಬರ್ಗಾ, ಬಿಜಾಪುರ ಹಾಗೂ ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಒಕ್ಕಲುತನ, ಆರೋಗ್ಯ, ಹಾಡು, ಆಟ. ಜಾಳಿಗೆ ತಂತಿಯಿಂದ ಮಾಡಿದ ದೊಡ್ಡ ಛತ್ರಿಯೊಂದು ಆಕಾಶದತ್ತ ಮುಖ ಮಾಡಿ ನಿಂತಿರುತ್ತಿತ್ತು. ಒಂದೇ ಪೆಟ್ಟಿಗೆಯ ಮುಂದೆ ಇಡೀ ಊರು ನೆರೆಯುತ್ತಿತ್ತು. ಆ ಪ್ರಯೋಗದ ಫಲವಾಗಿ 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರ ಬಂದಿತು. ಬೆಂಗಳೂರಿನಲ್ಲಿ ದೂರದರ್ಶನದ ಪ್ರಸಾರ ಆರಂಭವಾದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಚಿತ್ರ ಕಂಡ ಸೀಮೆ ನಮ್ಮದು ಎಂಬುದನ್ನು ನಾವು ಮರೆಯಬಾರದು.

1980ರ ದಶಕದಲ್ಲಿ ಬಣ್ಣದ ಟಿ.ವಿ.ಯೂ ರಾಷ್ಟ್ರೀಯ ಕಾರ್ಯಕ್ರಮವೂ ಬಂದ ಬಳಿಕ ಪತ್ತೇದಾರಿ ಧಾರಾವಾಹಿಗಳ ಕಾಲ ಮೊದಲಾಯಿತು. 1985ರಲ್ಲಿ 'ಕರಮಚಂದ್' ಬಂದಿತು. ಪಂಕಜ್ ಕಪೂರ್ ಅವರು ಗಜ್ಜರಿ ಕಡಿಯುತ್ತ, ಸಹಾಯಕಿ ಕಿಟ್ಟಿಯನ್ನು ಗದರಿಸುತ್ತ ಕೊಲೆಗಾರರನ್ನು ಹಿಡಿಯುತ್ತಿದ್ದರು. ಕಿಟ್ಟಿಯಾಗಿ ಅಭಿನಯಿಸಿದವರು ಸುಷ್ಮಿತಾ ಮುಖರ್ಜಿ. ಅದೇ ಕಾಲದಲ್ಲಿ ಸತ್ಯಜಿತ್ ರಾಯ್ ಅವರ ಫೆಲೂದಾ ಕಥೆಯನ್ನು ಆಧರಿಸಿ ಅವರ ಪುತ್ರ ಸಂದೀಪ್ ರಾಯ್ ನಿರ್ದೇಶಿಸಿದ 'ಕಿಸ್ಸಾ ಕಾಠ್ಮಂಡು ಕಾ' ಬಂದಿತು. ಅದರಲ್ಲಿ ಶಶಿ ಕಪೂರ್ ಪತ್ತೇದಾರ, ಮೋಹನ್ ಆಗಾಶೆ ಅವರ ಜೊತೆಗಾರ, ಉತ್ಪಲ್ ದತ್ ಖಳ. 1993ರಲ್ಲಿ ಬಾಸು ಚಟರ್ಜಿಯವರು ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳಿಂದ 'ವ್ಯೋಮಕೇಶ ಬಕ್ಷಿ'ಯನ್ನು ನಿರ್ಮಿಸಿದರು. ರಜಿತ್ ಕಪೂರ್ ವ್ಯೋಮಕೇಶ, ಕೆ.ಕೆ. ರೈನಾ ಆತನ ಮಿತ್ರ ಅಜಿತ. 1994ರಲ್ಲಿ ಬಂದ 'ತಹಕೀಕಾತ್'ನಲ್ಲಿ ಹೆಸರಾಂತ ನಿರ್ದೇಶಕ ವಿಜಯ್ ಆನಂದ್ ಅವರೇ ಪತ್ತೇದಾರರು, ಸೌರಭ್ ಶುಕ್ಲಾ ಅವರ ಸಹಾಯಕರು.

ಈ ಧಾರಾವಾಹಿಗಳ ಕಟ್ಟಡವನ್ನು ಗಮನಿಸಿರಿ. ಪತ್ತೇದಾರನೂ ಆತನ ಸಂಗಾತಿಯೂ ವಾರವಾರವೂ ಬರುವ ಮನೆಯವರು. ಸತ್ತವನು, ಸತ್ತವನ ಹೆಂಡತಿ, ತಮ್ಮ, ಗುಮಾಸ್ತ, ಆಳು, ನೆರೆಮನೆಯವನು, ಇವರೆಲ್ಲ ಆ ವಾರಕ್ಕಷ್ಟೇ ಬಂದುಹೋಗುವ ಅತಿಥಿಗಳು. ವಾರಕ್ಕೆ ಐದಾರು ಹೊಸ ಅತಿಥಿಗಳೆಂದರೆ, ಆ ಕಾಲದಲ್ಲಿ ವಾಡಿಕೆಯಾಗಿದ್ದ 13 ಕಂತುಗಳಿಗೆ ಅರವತ್ತು ಎಪ್ಪತ್ತು ಮಂದಿ ಬೇಕು. ಅಷ್ಟು ನಟರನ್ನು ಎಲ್ಲಿಂದ ತರಬೇಕು? ಮುಂಬಯಿಯ ರಂಗಭೂಮಿಯಿಂದ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರಿಂದ, ಪುಣೆಯ ಮರಾಠಿ ನಾಟಕದವರಿಂದ. ಆ ಬಾವಿಯೂ ಅಕ್ಷಯವಾದುದಲ್ಲ. ಆದಕಾರಣ ಒಂದು ಧಾರಾವಾಹಿಯಲ್ಲಿ ಮಾಮನಾದವನೇ ಇನ್ನೊಂದರಲ್ಲಿ ಮುನೀಮನಾಗಿ ಬರುವುದು ಅನಿವಾರ್ಯವಾಯಿತು. ಮನೆಯಲ್ಲಿ ಮದುವೆಯಾದಾಗ ಬಡಿಸುವವರೂ ಅವರೇ, ಚಪ್ಪರ ಕಟ್ಟಿದವರೂ ಅವರೇ, ಮರುದಿನ ಪಾತ್ರೆ ಎಣಿಸುವವರೂ ಅವರೇ ಆಗಿರುವುದಿಲ್ಲವೇ? ಹಾಗೆಯೇ ಇದು.

ನಮ್ಮ ಸೀಮೆಯ ತಾಯಂದಿರು ಈ ಗುರುತು ಹಿಡಿಯುವ ವಿದ್ಯೆಯಲ್ಲಿ ಪ್ರವೀಣರಾದುದಕ್ಕೆ ಒಂದು ವಿಶೇಷ ಕಾರಣವೂ ಉಂಟು. ಆ ಧಾರಾವಾಹಿಗಳೆಲ್ಲ ಹಿಂದಿಯಲ್ಲಿದ್ದವು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತ ಹಿರಿಯ ಗಂಡಸರಿಗೂ ಸೊಲ್ಲಾಪುರದ ಪೇಟೆಗೆ ಹೋಗಿ ಬರುತ್ತಿದ್ದ ಆಳಂದದ ವ್ಯಾಪಾರಸ್ಥರಿಗೂ ಮಾತು ತಿಳಿಯುತ್ತಿತ್ತು. ಹೊಲ ಮನೆ ಬಿಟ್ಟು ಹೋಗದ ಹೆಣ್ಣುಮಕ್ಕಳಿಗೆ ಮಾತು ಪೂರ್ಣ ತಿಳಿಯುತ್ತಿರಲಿಲ್ಲ. ಮಾತು ತಿಳಿಯದವರು ಮುಖವನ್ನು ಓದುತ್ತಾರೆ. ಹುಬ್ಬು ಏರಿದ್ದು, ಕೈ ನಡುಗಿದ್ದು, ನಡೆಯುವಾಗ ಒಂದು ಭುಜ ಇಳಿದದ್ದು ಅವರ ಕಣ್ಣಿಗೆ ಬೀಳುತ್ತಿತ್ತು. ಮೀಸೆ ಅಂಟಿಸಿಕೊಂಡರೂ ಕನ್ನಡಕ ಧರಿಸಿದರೂ ನಡಿಗೆಯನ್ನು ಯಾರು ಮರೆಮಾಡಿಯಾರು? ಅಕ್ಷರ ಬಲ್ಲವರಿಗಿಂತ ಮೊದಲು ಅಕ್ಷರ ಬಾರದ ಆಯಿಯೇ 'ಇಂವಾ ಅಂವನೇ' ಎಂದು ಹೇಳಿದ ಸಂದರ್ಭಗಳನ್ನು ನಾವು ಬಲ್ಲೆವು.

ಅಷ್ಟೇ ಅಲ್ಲ, ಈ ಆಟ ಟಿ.ವಿ.ಯ ಜೊತೆಗೆ ಬಂದದ್ದೂ ಅಲ್ಲ. ಹಗಲುವೇಷದವರು ಊರಿಗೆ ಬಂದು ನಾಲ್ಕಾರು ದಿನ ಬೀಡುಬಿಟ್ಟು, ದಿನಕ್ಕೊಂದು ವೇಷ ಧರಿಸಿ, ಹಾರ್ಮೋನಿಯಂ ತಬಲಗಳೊಡನೆ ಮನೆಮನೆಯ ಮುಂದೆ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ನಿನ್ನೆಯ ರಾಮ ಇಂದಿನ ರಾವಣನಾದಾಗ, ಅಂಗಳದಲ್ಲಿ ನಿಂತ ಮಕ್ಕಳು ಬಣ್ಣದ ಹಿಂದಿನ ಮುಖವನ್ನು ಹುಡುಕುತ್ತಿದ್ದರು. ಜಾತ್ರೆಗಳಲ್ಲಿ ಡೇರೆ ಹಾಕುತ್ತಿದ್ದ ನಾಟಕ ಕಂಪನಿಗಳಲ್ಲಿಯೂ ಇದೇ ನಡೆಯುತ್ತಿತ್ತು. ನಾಡೋಜ ಏಣಗಿ ಬಾಳಪ್ಪನವರು ತಾರುಣ್ಯದಲ್ಲಿ ಸ್ತ್ರೀ ಪಾತ್ರಗಳಿಂದ ಪ್ರಸಿದ್ಧರಾದವರು. ಮುಂದೆ ತಮ್ಮ ಕಲಾವೈಭವ ನಾಟ್ಯ ಸಂಘದ 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನವರಾಗಿ ರಂಗಕ್ಕೆ ಬಂದರು. ಸೀರೆಯುಟ್ಟು ನಿಂತಾಗ ಕಂಡವರೇ ಅಣ್ಣನವರ ಪಾತ್ರದಲ್ಲಿ ಕಂಡು ಕೈಮುಗಿದರು. 2017ರಲ್ಲಿ, ನೂರು ವರ್ಷ ದಾಟಿದ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಎರಡು ತಲೆಮಾರಿನ ಪ್ರೇಕ್ಷಕರಿಗೆ ಎರಡು ಬಗೆಯ ಬಾಳಪ್ಪನವರು ನೆನಪಿನಲ್ಲಿದ್ದಾರೆ. ವ್ಯಕ್ತಿ ಮಾತ್ರ ಒಬ್ಬರೇ.

ಇನ್ನು ಕನ್ನಡದ ಮುಖಗಳ ಕಡೆಗೆ ಬರೋಣ. ಹಿಂದಿಯ ಪೆಟ್ಟಿಗೆಯಲ್ಲಿ ನಮ್ಮವರು ಮೊದಲಬಾರಿಗೆ ಗುಂಪಾಗಿ ಕಂಡದ್ದು 1986-87ರ 'ಮಾಲ್ಗುಡಿ ಡೇಸ್'ನಲ್ಲಿ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದರು. ಅದು ಪತ್ತೇದಾರಿ ಧಾರಾವಾಹಿಯಲ್ಲ. ಆದರೆ ಗುರುತು ಹಿಡಿಯುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಅಂಗಳ ಬೇರೊಂದಿರಲಿಲ್ಲ. ಒಂದೇ ಊರು, ಒಂದೇ ಬೀದಿ, ಕಥೆ ಮಾತ್ರ ಬೇರೆ ಬೇರೆ. ಅನಂತ್ ನಾಗ್, ಅರುಂಧತಿ ನಾಗ್, ರಮೇಶ್ ಭಟ್ ಮುಂತಾದವರು ಅಲ್ಲಿ ಕಾಣಿಸಿಕೊಂಡರು. ಸಾಹಸಸಿಂಹರೆಂದು ಹೆಸರಾದ ವಿಷ್ಣುವರ್ಧನ್ ಅವರು, ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ, ಮಗಳಿಗೆ ಕೊಟ್ಟ ಸಣ್ಣ ಮಾತನ್ನೂ ನಡೆಸಲಾರದ ಬಡ ಗುಮಾಸ್ತನಾಗಿ ಬಂದಾಗ, ಗುರುತು ಹಿಡಿದವರಿಗೂ ನಂಬಲು ಒಂದು ಕ್ಷಣ ಬೇಕಾಯಿತು.

ಅದೇ ಧಾರಾವಾಹಿಯಲ್ಲಿ ಬಾಲಕ ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡರೂ ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರೂ ಅಭಿನಯಿಸಿದರು. ವೈಶಾಲಿಯವರು ಜನಿಸಿದ್ದು ನಮ್ಮ ಕಲಬುರಗಿಯಲ್ಲಿ. ರಂಗಭೂಮಿಯಲ್ಲಿ ಪಳಗಿ, ಧಾರಾವಾಹಿಗಳಲ್ಲಿ ಅಭಿನಯಿಸಿ, 'ಮೂಡಲ ಮನೆ'ಯಂತಹ ಧಾರಾವಾಹಿಯನ್ನು ನಿರ್ದೇಶಿಸಿ, 'ತಾಯಿಸಾಹೇಬ' ಚಲನಚಿತ್ರದ ವಸ್ತ್ರವಿನ್ಯಾಸಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದ ಅವರು 2010ರಲ್ಲಿ ನಿಧನರಾದರು. ಸ್ವಾಮಿಯ ತಾಯಿಯನ್ನು ನೆನೆಯುವ ಎಷ್ಟು ಮಂದಿಗೆ ಆ ತಾಯಿ ನಮ್ಮೂರ ಮಗಳೆಂಬುದು ತಿಳಿದಿದೆ? ಕಾರ್ನಾಡರಂತೂ ಅದೇ ದೂರದರ್ಶನದಲ್ಲಿ ಮುಂದೆ 'ಟರ್ನಿಂಗ್ ಪಾಯಿಂಟ್' ಎಂಬ ಕಾರ್ಯಕ್ರಮದಲ್ಲಿ ವಿಜ್ಞಾನವನ್ನು ವಿವರಿಸಿದರು. 1994ರಲ್ಲಿ ತಮಿಳಿನ 'ಕಾದಲನ್' ಚಲನಚಿತ್ರದಲ್ಲಿ ಖಳನಾದರು. ಗದರುವ ತಂದೆ, ವಿಜ್ಞಾನದ ಉಪನ್ಯಾಸಕ, ಖಳನಾಯಕ, ಈ ಮೂವರ ಹಿಂದೆ ಇದ್ದವರು 'ತುಘಲಕ್' ನಾಟಕ ಬರೆದ ಲೇಖಕರು.

ಕನ್ನಡದ್ದೇ ಆದ ರಹಸ್ಯ ಕಥೆ ಬೇಕೆಂದವರಿಗೆ 1990ರ ಸುಮಾರಿಗೆ 'ಗುಡ್ಡದ ಭೂತ' ದೊರೆಯಿತು. ಸದಾನಂದ ಸುವರ್ಣರು ನಿರ್ದೇಶಿಸಿದ ಆ ಧಾರಾವಾಹಿ ಕರಾವಳಿಯ ಹಿನ್ನೆಲೆಯದು. ಮಳೆ, ಗುಡ್ಡ, ಕತ್ತಲೆ, ಭಯ ಹುಟ್ಟಿಸುವ ಹಾಡು. ಬಯಲುಸೀಮೆಯ ನಮ್ಮ ಮಕ್ಕಳು ಮುಸುಕೆಳೆದುಕೊಂಡು ಅದನ್ನು ನೋಡಿದರು. ಅದರಲ್ಲಿ ಅಭಿನಯಿಸಿದ ತರುಣ ಪ್ರಕಾಶ್ ರೈ. ಅವರೇ ಮುಂದೆ ಪ್ರಕಾಶ್ ರಾಜ್ ಎಂಬ ಹೆಸರಿನಿಂದ ದಕ್ಷಿಣದ ಭಾಷೆಗಳಲ್ಲೆಲ್ಲ ಕ್ರೂರ ಖಳನಾಗಿಯೂ, ಅಂತಃಕರಣದ ತಂದೆಯಾಗಿಯೂ ಕಂಡರು. ತಮಿಳಿನ 'ಕಾಂಚೀವರಂ' ಚಿತ್ರದ ನೇಕಾರನ ಪಾತ್ರಕ್ಕೆ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿ ಪಡೆದರು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳು ಬಂದಾಗ ಇದೇ ಕುತೂಹಲ ಬೇರೊಂದು ರೂಪ ತಾಳಿತು. ವಕೀಲ ಸಿ.ಎಸ್.ಪಿ.ಯಾಗಿ ಅವರೇ ನಿಂತು ಸಾಕ್ಷಿಗಳನ್ನು ಪ್ರಶ್ನಿಸುವಾಗ, ಸಾಕ್ಷಿಕಟ್ಟೆಗೆ ಬಂದ ಮುಖ ಯಾವುದೆಂದು ಮನೆಯವರು ತಾವೂ ಪಾಟೀಸವಾಲು ನಡೆಸುತ್ತಿದ್ದರು.

ಪರದೇಶಗಳಲ್ಲಿಯೂ ಇದು ಹೀಗೆಯೇ. ಅಮೆರಿಕದ 'ಕೊಲಂಬೊ' ಎಂಬ ಪ್ರಸಿದ್ಧ ಧಾರಾವಾಹಿಯಲ್ಲಿ ಪೀಟರ್ ಫಾಕ್ ಅವರು ಮಾಸಿದ ಕೋಟಿನ ಪೊಲೀಸ್ ಅಧಿಕಾರಿ. ಕೊಲೆಗಾರನಾಗಿ ಪ್ರತಿ ಕಥೆಯಲ್ಲಿ ಒಬ್ಬ ಅತಿಥಿ ನಟ. ಪ್ಯಾಟ್ರಿಕ್ ಮೆಕ್‌ಗೂಹನ್ ಎಂಬ ನಟರು ನಾಲ್ಕು ಬೇರೆ ಬೇರೆ ಕಥೆಗಳಲ್ಲಿ ನಾಲ್ಕು ಬೇರೆ ಕೊಲೆಗಾರರಾಗಿ ಬಂದರು. ಆ ಪಾತ್ರಗಳಿಗಾಗಿ ಎರಡು ಬಾರಿ ಎಮ್ಮಿ ಪ್ರಶಸ್ತಿಯನ್ನೂ ಪಡೆದರು. ಅಲ್ಲಿ ಕೊಲೆಗಾರ ಯಾರೆಂಬುದನ್ನು ಮೊದಲೇ ತೋರಿಸಿಬಿಡುತ್ತಿದ್ದುದರಿಂದ ಮುಖ ಗುರುತಿಸಿದರೂ ಕಥೆ ಕೆಡುತ್ತಿರಲಿಲ್ಲ. 1984ರಿಂದ 1996ರವರೆಗೆ ನಡೆದ 'ಮರ್ಡರ್, ಷಿ ರೋಟ್' ಎಂಬ ಧಾರಾವಾಹಿಯಲ್ಲಿ, ಹಳೆಯ ಚಲನಚಿತ್ರಗಳಲ್ಲಿ ಮೆರೆದು ಮರೆಯಾಗಿದ್ದ ಅನೇಕ ಹಿರಿಯ ನಟನಟಿಯರು ಅತಿಥಿಗಳಾಗಿ ಬಂದರು. ಅಲ್ಲಿನ ಅಜ್ಜಿಯಂದಿರೂ ನಮ್ಮ ಆಯಿಯರಂತೆಯೇ 'ಇವಳು ಅವಳೇ' ಎಂದು ಸಂತೋಷಪಟ್ಟಿರಬೇಕು.

ಈಗ ವಿಚಾರದ ಮುಖ್ಯಭಾಗಕ್ಕೆ ಬರುತ್ತೇವೆ. ಗುರುತು ಹಿಡಿಯುವುದರಲ್ಲಿ ಎರಡು ಬಗೆಯುಂಟು. ಒಂದು, 'ಇವನು ಅವನೇ' ಎನ್ನುವುದು. ಇನ್ನೊಂದು, 'ಇವನು ಅವನೇ, ಆದ್ದರಿಂದ ಇವನೇ ಕಳ್ಳ' ಎನ್ನುವುದು. ಮೊದಲನೆಯದು ನೆನಪು, ಎರಡನೆಯದು ತೀರ್ಪು. ಇವುಗಳ ನಡುವೆ ಇರುವ 'ಆದ್ದರಿಂದ' ಎಂಬ ಒಂದು ಪದದಲ್ಲಿ ಅಪಾಯ ಅಡಗಿದೆ.

ಪತ್ತೇದಾರಿ ಕಥೆ ನೋಡುವಾಗ ಹೆಸರಾಂತ ನಟನೊಬ್ಬ ಸಣ್ಣ ಪಾತ್ರದಲ್ಲಿ ಬಂದರೆ, 'ಇಷ್ಟು ದೊಡ್ಡ ನಟ ಸುಮ್ಮನೆ ಬಾಗಿಲು ತೆರೆಯಲು ಬಂದಿರುವನೇ? ಇವನೇ ಕೊಲೆಗಾರ' ಎಂದು ಊಹಿಸುವುದು ಎಲ್ಲರ ಅಭ್ಯಾಸ. ಊಹೆ ಹಲವು ಬಾರಿ ನಿಜವೂ ಆಗುತ್ತದೆ. ಆದರೆ ಅದಕ್ಕೆ ಆಧಾರವೇನು? ಕಥೆಯೊಳಗಿನ ಸಾಕ್ಷಿಯಲ್ಲ, ಕಥೆಯ ಹೊರಗಿನ ಮುಖಪರಿಚಯ. ವ್ಯೋಮಕೇಶನು ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳದೆ ಸತ್ಯಾನ್ವೇಷಿ ಎಂದು ಕರೆದುಕೊಳ್ಳುತ್ತಾನೆ. ಸತ್ಯವನ್ನು ಅರಸುವವನಿಗೆ ಮುಖಪರಿಚಯ ಸಾಕ್ಷಿಯಾಗದು. ಪರದೆಯ ಮೇಲೆ ಈ ಆಟದಿಂದ ಯಾರಿಗೂ ಹಾನಿಯಿಲ್ಲ. ಬಾಳಿನಲ್ಲಿ ಇದೇ ಅಭ್ಯಾಸ ಮುಂದುವರಿದರೆ ಹಾನಿ ಸಣ್ಣದಲ್ಲ.

ಆರ್.ಕೆ. ನಾರಾಯಣರ 'ಲೀಲಾಳ ಗೆಳೆಯ' ಎಂಬ ಕಥೆಯನ್ನು ಓದಿದವರಿಗೆ ಇದು ಹೊಳೆದಿರುತ್ತದೆ. ಮನೆಗೆಲಸದ ಸಿದ್ದನೆಂದರೆ ಮಗು ಲೀಲಾಳಿಗೆ ಪ್ರಾಣ. ಒಂದು ದಿನ ಮಗುವಿನ ಕೊರಳ ಚಿನ್ನದ ಸರ ಕಾಣೆಯಾಗುತ್ತದೆ. ಸಿದ್ದ ಹಿಂದೆ ಜೈಲಿಗೆ ಹೋಗಿ ಬಂದವನೆಂದು ಪೊಲೀಸರು ಹೇಳುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿದಂತೆ. ಕೆಲವು ದಿನಗಳ ಬಳಿಕ ಸರ ಅಡಿಗೆಮನೆಯ ಹುಣಸೆಹಣ್ಣಿನ ಗಡಿಗೆಯಲ್ಲಿ ದೊರೆಯುತ್ತದೆ. ಮಗುವೇ ಅದನ್ನು ಅಲ್ಲಿ ಹಾಕಿ ಮರೆತಿತ್ತು. ಆಗಲೂ ಮನೆಯ ಯಜಮಾನನ ಮನಸ್ಸು ಕರಗುವುದಿಲ್ಲ. ಅಂತಹವನನ್ನು ಹೇಗೂ ಮನೆಯಲ್ಲಿಟ್ಟುಕೊಳ್ಳುವಂತಿರಲಿಲ್ಲ ಎಂದೇ ಆತ ಭಾವಿಸುತ್ತಾನೆ. ಸಿದ್ದನು ಒಮ್ಮೆ ಒಂದು ಪಾತ್ರದಲ್ಲಿ ಕಂಡವನು. ಆ ಪಾತ್ರವೇ ಅವನ ಮುಖವಾಗಿ ಅಂಟಿಕೊಂಡಿತು.

ಕಥೆಯ ಮಾತು ಸಾಕು. ನಮ್ಮ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಊರು, ಹೆಸರುಗಳನ್ನು ಹೇಳುವುದು ಉಚಿತವಲ್ಲ. ಅಫಜಲಪುರ ತಾಲೂಕಿನ ಒಂದು ಮನೆತನದವರು ಜೇವರ್ಗಿ ತಾಲೂಕಿನ ಒಂದು ಊರಿನ ಕನ್ಯೆಯನ್ನು ನೋಡಿ ಒಪ್ಪಿದರು. ಮಾತುಕತೆಗೆ ಮುನ್ನ ವರನ ಸೋದರಮಾವ ತಗಾದೆ ತೆಗೆದರು. ಕನ್ಯೆಯ ತಂದೆ ಜಾತ್ರೆಯ ನಾಟಕಗಳಲ್ಲಿ ಪಾರ್ಟ್ ಮಾಡುವವರು. ಸೋದರಮಾವ ಒಂದು ವರ್ಷ ಆ ಊರ ಜಾತ್ರೆಗೆ ಹೋದಾಗ ಅವರನ್ನು ಕುಡುಕನ ಪಾತ್ರದಲ್ಲಿ ಕಂಡಿದ್ದರು. 'ಕುಡಿಯದವನಿಗೆ ಅಷ್ಟು ಛಂದ ಕುಡುಕನ ಪಾರ್ಟ್ ಬರ್ತದೇನ್ರಿ?' ಎಂಬುದು ಅವರ ವಾದ. ಮಾತು ಮನೆಯಿಂದ ಓಣಿಗೆ, ಓಣಿಯಿಂದ ಊರಿಗೆ ಹಬ್ಬಿ, ಸಂಬಂಧ ಮುರಿಯುವ ಹಂತಕ್ಕೆ ಬಂದಿತು. ಆಗ ಹಿರಿಯರು ನಮ್ಮ ಬಳಿಗೆ ಬಂದರು.

ಆ ಕೂಟದಲ್ಲಿ ವರನ ಅಜ್ಜಿಯೂ ಇದ್ದರು. ಅವರ ತವರು ಕನ್ಯೆಯ ಊರಿಗೆ ಎರಡು ಹರದಾರಿ. ವರ್ಷ ವರ್ಷವೂ ಆ ಜಾತ್ರೆಗೆ ಹೋಗಿ ಬೆಳಗಿನ ತನಕ ಕುಳಿತು ನಾಟಕ ನೋಡಿದವರು. ಎಲ್ಲರ ಮಾತು ಮುಗಿದ ಮೇಲೆ ಸೆರಗು ಸರಿಪಡಿಸಿಕೊಂಡು ಹೇಳಿದರು: 'ಅಪ್ಪಾರೆ, ನಾ ಒಂದ್ ಮಾತ ಕೇಳ್ತೀನಿ. ಇವ್ರು ನೋಡಿದ್ದು ಒಂದ್ ಸಾಲಿನ ನಾಟಕ. ನಾ ನೋಡಿದ್ದು ಹತ್ತ್ ಸಾಲಿಂದು. ಅದರ ಹಿಂದಿನ ಸಾಲ ಅಂವಾ ಹರಿಶ್ಚಂದ್ರ ಆಗಿದ್ದ, ಅದಕ್ಕೂ ಮೊದಲ ಪೊಲೀಸ್ ಆಗಿದ್ದ. ಕುಡುಕನ ಪಾರ್ಟ್ ಮಾಡಿದ್ದಕ್ಕ ಕುಡುಕ ಅಂತಂದ್ರ, ಹರಿಶ್ಚಂದ್ರನ ಪಾರ್ಟ್ ಮಾಡಿದ್ದಕ್ಕ ಏನಂತೀರಿ?' ಕೂಟ ನಕ್ಕಿತು. ಸೋದರಮಾವನೂ ನಕ್ಕರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ತಾಯಿಯ ಮಾತಿನಿಂದ ಬೀಗರಾಗುವವರು ಕುಡಿಯುವುದಿಲ್ಲವೆಂದು ಸಿದ್ಧವಾಗಲಿಲ್ಲ. ಕುಡಿಯುತ್ತಾರೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ಬಿದ್ದುಹೋಯಿತು, ಅಷ್ಟೇ. ಆದ್ದರಿಂದ ವಿಚಾರಿಸಬೇಕಾದ ರೀತಿಯಲ್ಲಿ ವಿಚಾರಿಸಲು ನಾವು ಹಿರಿಯರಿಗೆ ಸೂಚಿಸಿದೆವು. ಅವರು ಆ ಊರಿಗೆ ಹೋಗಿ, ಹೊಲದಲ್ಲಿ ಅವರೊಡನೆ ದುಡಿಯುವವರನ್ನು, ಕಿರಾಣಿ ಅಂಗಡಿಯವರನ್ನು, ನೆರೆಮನೆಯವರನ್ನು ಕೇಳಿದರು. ಆತ ಎಲೆ ಅಡಿಕೆ ಬಿಟ್ಟು ಬೇರೇನನ್ನೂ ಮುಟ್ಟುವವರಲ್ಲವೆಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದರು. ಮದುವೆ ಸಾಂಗವಾಗಿ ನೆರವೇರಿತು. ಒಂದು ಪಾತ್ರದ ದೆಸೆಯಿಂದ ಒಬ್ಬ ಕನ್ಯೆಯ ಬಾಳಿಗೆ ಒದಗಲಿದ್ದ ಕಳಂಕ, ಹತ್ತು ಪಾತ್ರಗಳನ್ನು ಕಂಡ ಒಬ್ಬ ಮುದುಕಿಯ ನೆನಪಿನಿಂದ ತಪ್ಪಿತು.

ನಮ್ಮ ವಿಚಾರದ ತಿರುಳು ಇಷ್ಟೇ. ಒಬ್ಬನನ್ನು ಒಂದೇ ಪಾತ್ರದಲ್ಲಿ ಕಂಡವನು ಪಾತ್ರವನ್ನೇ ಮನುಷ್ಯನೆಂದು ತಿಳಿಯುತ್ತಾನೆ. ಹತ್ತು ಪಾತ್ರಗಳಲ್ಲಿ ಕಂಡವನಿಗೆ ಪಾತ್ರ ಬೇರೆ, ಮನುಷ್ಯ ಬೇರೆ ಎಂಬುದು ತಾನಾಗಿಯೇ ತಿಳಿಯುತ್ತದೆ. 'ತಹಕೀಕಾತ್'ನ ಸಹಾಯಕನಾಗಿದ್ದ ಸೌರಭ್ ಶುಕ್ಲಾ ಅವರು 1998ರ 'ಸತ್ಯ' ಚಿತ್ರದಲ್ಲಿ ಪಾತಕಿಗಳ ಗುಂಪಿನವರಾದರು. 2013ರ 'ಜಾಲಿ ಎಲ್‌ಎಲ್‌ಬಿ'ಯಲ್ಲಿ ನ್ಯಾಯಾಧೀಶರಾದರು. ವ್ಯೋಮಕೇಶನಾದ ರಜಿತ್ ಕಪೂರ್ ಅವರೇ 1996ರಲ್ಲಿ ಶ್ಯಾಮ್ ಬೆನಗಲ್ ಅವರ ಚಿತ್ರದಲ್ಲಿ ಗಾಂಧೀಜಿಯಾದರು. 1998ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ಎಡೆಬಿಡದೆ ನಡೆದ 'ಸಿ.ಐ.ಡಿ.' ಧಾರಾವಾಹಿಯ ಸಂಗತಿ ಇನ್ನೂ ಸ್ವಾರಸ್ಯಕರ. ಆದಿತ್ಯ ಶ್ರೀವಾಸ್ತವ ಎಂಬ ನಟರು ಮೊದಲ ವರ್ಷ ಅದರಲ್ಲಿ ಅಪರಾಧಿಯಾಗಿ ಬಂದವರು. ಮರುವರ್ಷ ಅದೇ ಧಾರಾವಾಹಿಯಲ್ಲಿ ಅಪರಾಧಿಗಳನ್ನು ಹಿಡಿಯುವ ಅಧಿಕಾರಿ ಅಭಿಜೀತ್ ಆದರು. ಅದೇ ತಂಡದಲ್ಲಿ ಬಾಗಿಲು ಮುರಿಯುವ ದಯಾ ಎಂಬ ಪಾತ್ರದಿಂದ ಮನೆಮಾತಾದ ದಯಾನಂದ ಶೆಟ್ಟಿಯವರು ಉಡುಪಿ ಸೀಮೆಯ ತುಳುವರೆಂಬುದನ್ನೂ ಸಂತೋಷದಿಂದ ನೆನೆಯಬಹುದು. ಕೈಕೋಳ ತೊಟ್ಟವನು ಮರುವರ್ಷ ಕೈಕೋಳ ತೊಡಿಸುವವನಾಗಲು ಧಾರಾವಾಹಿಯವರು ಅವಕಾಶ ಕೊಟ್ಟರು. ನಮ್ಮ ಊರು ಕೇರಿಗಳಲ್ಲಿ, ಒಮ್ಮೆ ತಪ್ಪಿ ನಡೆದವನಿಗೆ ಎರಡನೆಯ ಪಾತ್ರವನ್ನು ಕೊಡುವಷ್ಟು ಔದಾರ್ಯ ನಮ್ಮಲ್ಲಿ ಉಂಟೇ ಎಂಬುದನ್ನು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ಹಲವು ವೇಷಗಳನ್ನು ಧರಿಸಿ ಜನರೆದುರು ಆಡುವುದೇ ಅವರ ಕಾಯಕ. ಜನರನ್ನು ನಗಿಸುವ ಕಾಯಕದ ನಗೆಯ ಮಾರಿತಂದೆಯವರೂ ಇದ್ದರು. ವೇಷ ಧರಿಸುವವನ ಮಾತನ್ನು ನಂಬಲಾಗದು ಎಂದು ಆ ಬಳಗ ಅವರನ್ನು ಹೊರಗಿಡಲಿಲ್ಲ. ಅವರು ರಚಿಸಿದ ವಚನಗಳನ್ನು ಇಂದಿಗೂ ನಾವು ಓದುತ್ತಿದ್ದೇವೆ. ವೇಷ ಅವರ ಕಾಯಕವಾಗಿತ್ತು. ಆ ಕಾಯಕದ ಹಿಂದಿದ್ದ ಮನುಷ್ಯನನ್ನು ಕಾಣುವ ಕಣ್ಣು ಆ ಬಳಗಕ್ಕೆ ಇತ್ತು.

ಇನ್ನು ಪ್ರಶ್ನೆ ಕೇಳಿದ ತಾಯಂದಿರಿಗೆ ನಮ್ಮ ಉತ್ತರ. ಪತ್ತೇದಾರಿ ಕಥೆ ನೋಡಿ ಮಕ್ಕಳು ಕೆಡುವರೆಂಬ ಅಂಜಿಕೆ ಹೊಸದಲ್ಲ. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬರೆಯುತ್ತಿದ್ದಾಗಲೂ ಹಿರಿಯರು ಹೀಗೆಯೇ ಅಂಜಿದ್ದರು. ಶಾಲೆಯ ಕಲಿಕೆ ಅಲ್ಪವಾದರೂ ಐದುನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಆ ಲೇಖಕರಿಂದ ಕನ್ನಡ ಓದುವ ರೂಢಿಯನ್ನು ಕಲಿತವರು ಸಾವಿರಾರು ಮಂದಿ. ಮಕ್ಕಳು ನೋಡಲಿ, ಆದರೆ ಒಬ್ಬರೇ ಕುಳಿತು ನೋಡುವುದಕ್ಕಿಂತ ಹಿರಿಯರ ಜೊತೆಗೆ ನೋಡಲಿ. 'ಇವನೇ ಕೊಲೆಗಾರ' ಎಂದು ಮಗು ಹೇಳಿದಾಗ, 'ಯಾಕೆ? ಮುಖ ನೋಡಿ ಹೇಳಿದೆಯೋ, ಕಥೆಯಲ್ಲಿ ಏನಾದರೂ ಕಂಡು ಹೇಳಿದೆಯೋ?' ಎಂದು ಕೇಳಿರಿ. ಈ ಒಂದು ಪ್ರಶ್ನೆಯ ಅಭ್ಯಾಸವಾದರೆ, ಮುಂದೆ ಆ ಮಗು ಪಂಚಾಯತಿಯಲ್ಲಿ ಕುಳಿತಾಗಲೂ, ಆಳನ್ನು ಇಟ್ಟುಕೊಳ್ಳುವಾಗಲೂ, ಸೊಸೆಯನ್ನು ತರುವಾಗಲೂ ಅದನ್ನು ಮರೆಯಲಾರದು. ಓದು ಪರೀಕ್ಷೆಯ ದಿನಗಳಲ್ಲಿ ಪೆಟ್ಟಿಗೆಯನ್ನು ಮುಚ್ಚಿಡಬೇಕೆಂಬುದನ್ನು ನಾವು ಹೇಳಬೇಕಾಗಿಲ್ಲ.

ಕೊನೆಯದಾಗಿ ಒಂದು ಕಾರ್ಯವನ್ನು ಸೂಚಿಸುತ್ತೇವೆ. ಮುಖ ನೆನಪಿದ್ದು ಹೆಸರು ಮರೆಯುವುದು ಈ ಅತಿಥಿ ನಟರ ಪಾಲಿಗೆ ಬಂದ ದುರ್ದೈವ. ಧಾರಾವಾಹಿಯ ಕ��ನೆಯಲ್ಲಿ ಹೆಸರುಗಳು ಓದಲಾಗದಷ್ಟು ವೇಗದಲ್ಲಿ ಓಡುತ್ತವೆ. 2020ರ ಲಾಕ್‌ಡೌನ್ ದಿನಗಳಲ್ಲಿ ದೂರದರ್ಶನವು 'ರಾಮಾಯಣ', 'ವ್ಯೋಮಕೇಶ ಬಕ್ಷಿ' ಮುಂತಾದವುಗಳನ್ನು ಮರುಪ್ರಸಾರ ಮಾಡಿದಾಗ, ಮೊಮ್ಮಕ್ಕಳಿಗೆ ಒಂದೊಂದೇ ಮುಖವನ್ನು ಗುರುತಿಸಿ ತೋರಿಸಿದವರು ಮನೆಯ ಹಿರಿಯರೇ. ಆ ಹಿರಿಯರು ಇರುವ ತನಕ ಅವರ ನೆನಪಿಗೆ ಬೆಲೆಯುಂಟು. ಬರೆದಿಟ್ಟರೆ ಅವರ ನಂತರವೂ ಉಂಟು.

ಮುಂಬಯಿಯ ನಟರ ಹೆಸರನ್ನು ಬರೆದಿಡಲು ಮುಂಬಯಿಯವರಿದ್ದಾರೆ. ನಮ್ಮ ಜಾತ್ರೆಯ ನಾಟಕಗಳಲ್ಲಿ ಹತ್ತು ಇಪ್ಪತ್ತು ವರ್ಷ ಬಣ್ಣ ಹಚ್ಚಿದವರ, ಹಗಲುವೇಷದವರ, ದೊಡ್ಡಾಟದವರ ಹೆಸರನ್ನು ಯಾರು ಬರೆಯಬೇಕು? ವೃದ್ಧ ಕಲಾವಿದರಿಗೆ ರಾಜ್ಯ ಸರ್ಕಾರವು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೂಲಕ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವಾಗ ಕಲಾಸೇವೆಯ ದಾಖಲೆ ಬೇಕಾಗುತ್ತದೆ. ಹಳ್ಳಿಯ ಕಲಾವಿದನ ಬಳಿ ಎಂತಹ ದಾಖಲೆ ಇದ್ದೀತು? ಜಾತ್ರೆಯಲ್ಲಿ ಹಂಚಿದ ನಾಟಕದ ಹ್ಯಾಂಡ್‌ಬಿಲ್ಲು, ಒಂದು ಹಳೆಯ ಭಾವಚಿತ್ರ, ಸತ್ಕಾರ ಮಾಡಿದಾಗ ಕೊಟ್ಟ ಕಾಗದ. ಅವು ನಿಮ್ಮ ಮನೆಯ ಟ್ರಂಕಿನಲ್ಲಿಯೂ, ಪಂಚಾಂಗದ ಹಾಳೆಗಳ ನಡುವೆಯೂ ಇದ್ದಿರಬಹುದು. ಒಲೆಗೆ ಹಾಕುವ ಮೊದಲು ಒಮ್ಮೆ ನೋಡಿರಿ. ಅದರಲ್ಲಿ ಅಚ್ಚಾದ ಒಂದು ಹೆಸರು ಒಬ್ಬ ಮುದುಕನ ತಿಂಗಳ ಗಂಜಿಗೆ ಆಧಾರವಾದೀತು.

ಆದುದರಿಂದ ಪ್ರತಿಯೊಂದು ಮನೆಯಲ್ಲಿ ಒಂದು ನೂರು ಪುಟದ ನೋಟುಬುಕ್ಕನ್ನು ಇದಕ್ಕಾಗಿ ಮೀಸಲಿಡಿರಿ. ಆಯಿ, ಮುತ್ಯಾ ಹೇಳಲಿ, ಮೊಮ್ಮಕ್ಕಳು ಬರೆಯಲಿ. ಯಾವ ಊರ ಜಾತ್ರೆ, ಯಾವ ಸಾಲು, ಯಾವ ನಾಟಕ, ಯಾವ ಪಾತ್ರ, ಮಾಡಿದವರು ಯಾರು, ಎಂಬ ಐದು ಸಂಗತಿಗಳು ಸಾಕು. ಹ್ಯಾಂಡ್‌ಬಿಲ್ಲು ದೊರೆತರೆ ಅದೇ ಹಾಳೆಗೆ ಅಂಟಿಸಿರಿ. ಆ ಕಲಾವಿದರು ಇನ್ನೂ ನಮ್ಮ ನಡುವೆ ಇದ್ದರೆ, ಮಗುವಿನ ಕೈಹಿಡಿದು ಅವರ ಮನೆಗೆ ಹೋಗಿ, ತಾವು ಮಾಡಿದ ಪಾತ್ರಗಳು ಯಾವುವೆಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿರಿ.